ಸಾಗರವೆಂದೇ ಹೆಸರು

ಸಮುದ್ರ ತೋರಿಸ್ತೀನಿ ಅಂದಿದ್ದೆ ಅಮ್ರೀನ್‌ಗೆ.
ಹೊಲಿಗೆ ದುಡ್ಡು ಗುಡಿಬಂಡೆ ಬಸ್ಸಿಗಷ್ಟೇ ಆಯಿತು.
ಕೆರೆಗೂ ಇಲ್ಲಿ ಸಾಗರವೆಂದೇ ಹೆಸರು;
ಪೂರ್ತಿ ಸುಳ್ಳೇನೂ ಅಲ್ಲ.

ಕೋಟೆಯ ಬಾಗಿಲು ಬಾಗಿಲಿಗೂ ಕೂತಳು,
ಸೀಳಿದ ಮಾವಿನಕಾಯಿ ಚೀಪುತ್ತ
ರಾಜ ಇಷ್ಟು ಎತ್ತರ ದಿನಾ ಹತ್ತುತ್ತಿದ್ದನಾ ಅಂತ ಬೈದಳು.
ತುದಿಯಿಂದ ಕೆಳಗೆ, ಬಿಸಿಲಿಗೆ ಬೆಳ್ಳಗಾದ ನೀರು.
"ಅಲೆ ಎಲ್ಲಿ?"
"ಮಧ್ಯಾಹ್ನ ಅಲ್ವಾ, ಮಲಗಿವೆ."

ಸಂಜೆ ಏರಿಯಿಂದಿಳಿದು ಬೆರಳದ್ದಿ ನಾಲಿಗೆಗಿಟ್ಟಳು.
ನನ್ನನ್ನೇ ನೋಡಿದಳು.
ನಾನು ದೂರದ ಎಮ್ಮೆ ಎಣಿಸುತ್ತಿದ್ದೆ.
ಆಮೇಲೆ ಕಾಗದದ ಪೊಟ್ಟಣ ಬಿಚ್ಚಿ
ಉಳಿದ ಉಪ್ಪುಖಾರವನ್ನೆಲ್ಲ ನೀರಿಗೆ ಕೊಡವಿ
"ಈಗ ಸರಿಹೋಯ್ತು ಬಿಡು ಅಮ್ಮಿ" ಅಂದಳು.

ವಾಪಸು ಬಸ್ಸಲ್ಲಿ, ಕಿಟಕಿಗೆ ಒರಗಿ,
ನಿದ್ದೆ ಹತ್ತುವವರೆಗೂ ಒಂದೇ ಚಿಂತೆ:
ಖಾರಕ್ಕೆ ಮೀನಿನ ಕಣ್ಣುರಿದರೆ?