ಒಂದೂವರೆ ಸೆಕೆಂಡು

ಬುಧವಾರ ಹತ್ತು ಗಂಟೆಗೆ, ಕೊನೆಯ ಸಾಲಿನಲ್ಲಿ
ನೊಲುಂಡಿ ಬಂದು ಕೂತಳು.
ಹೊಸ ವಿದ್ಯಾರ್ಥಿನಿ ಅಂದುಕೊಂಡರು ಹುಡುಗರು;
ನಲವತ್ತಾರರ ವಯಸ್ಸು, ಕಿವಿಯ ಹತ್ತಿರ ನರೆ.
ಮೇಷ್ಟ್ರಿಗೆ ಮಾತ್ರ ಗೊತ್ತು:
ಕಲಿಸುವವರಿಗೆ ಕಲಿಸುವ ಕಚೇರಿ ಒಂದಿದೆ,
ಲಿಫ್ಟ್ ಕೆಟ್ಟ ಕಟ್ಟಡದ ಮೂರನೇ ಮಹಡಿಯಲ್ಲಿ,
ಅಲ್ಲಿಂದ ಬಂದವಳು.

ಖೆರ್ಟ್ ಫಿಲ್ಯೂನ್. ದ್ರವಗಳ ಪಾಠ, ಮೂವತ್ತು ವರ್ಷ.
ಹಲಗೆಯ ಮೇಲೆ ಅದೇ ಸ್ನಾನದ ತೊಟ್ಟಿ,
ಅದೇ ಬಿರಡೆ, ಅದೇ ಸುಳಿ.
"ಬಿರಡೆ ತೆಗೆದರೆ ಏನಾಗುತ್ತದೆ?" ಎಂದು ಕೇಳಿ
ತಾನೇ ಹೇಳಿ, ಅಳಿಸಿ, ಮುಂದಕ್ಕೆ.
ಹಾಜರಿ ಕರೆಯುವಾಗ ಕೆಲವು ಹೆಸರುಗಳ ಮೇಲೆ
ಹಳ್ಳ ದಾಟುವವರ ಹಾಗೆ ಜಿಗಿಯುತ್ತಿದ್ದ:
"ಹದಿನೇಳು ಇದ್ದಾನಾ? ಇಪ್ಪತ್ತೆರಡು?"

ತಪ್ಪು ಅವನೊಬ್ಬನದಲ್ಲ.
ಗಾಳಿ ನಿಲ್ಲದ ಈ ಬಂದರಿಗೆ
ಪೋರ್ಟ್ ಎಲಿಜಬೆತ್ ಹೋಗಿ ಗ್ಕೆಬೆರ್ಹಾ ಬಂತು,
ಬಾಯಿಗಳು ಬದಲಾಗಲಿಲ್ಲ.
ಬರೆಯುವ ನನ್ನ ಬಳಿಯೂ ಅಕ್ಷರವಿಲ್ಲ.
ಅಯ್ಯೋ ಪಾಪ ಎಂದು ಹಲ್ಲಿನ ಹಿಂದೆ ಚ್ಚ್ ಅನ್ನುತ್ತೇವಲ್ಲ,
ಅಲ್ಲಿಂದ ಸೆಬಿಸಾ ಶುರುವಾಗುತ್ತಾಳೆ.
ಎತ್ತು ಹೊಡೆಯುವವನು ಕೆನ್ನೆಯೊಳಗೆ ಲೊಟಕ್ಕೆನಿಸುತ್ತಾನಲ್ಲ,
ಅಲ್ಲಿಂದ ಕ್ಸೊಲಿಲೆ.
ಕ್ಹಾವೆಗೆ ಮಾತ್ರ ನಾಲಗೆ ಅಂಗುಳಕ್ಕೆ ಅಂಟಿ
ಸೀಸೆಯ ಬಿರಡೆಯಂತೆ ಕಿತ್ತು ಬರಬೇಕು.
ನಮ್ಮ ವರ್ಣಮಾಲೆ ಹಲ್ಲಿಗೆ ಬಿಟ್ಟುಕೊಟ್ಟ ಸದ್ದುಗಳು;
ಅದು ಲೊಚಗುಟ್ಟಿದರೆ ನಿಜ ಅನ್ನುತ್ತೇವೆ,
ಬರೆದುಕೊಳ್ಳುವುದಿಲ್ಲ.

ಕ್ಯಾಂಟೀನಿನಲ್ಲಿ ಅವಳು ಸಲಹೆ ಕೊಡಲಿಲ್ಲ.
ನೋಟ್‌ಬುಕ್ಕು ತಿರುಗಿಸಿ ಮುಂದಿಟ್ಟಳು.
ಒಂದೇ ಸಾಲು:
ಪ್ರಶ್ನೆ ಕೇಳಿ ನೀವು ಕಾದದ್ದು ಒಂದೂವರೆ ಸೆಕೆಂಡು.
ಅವನು ಚಹಾ ಕಲಕಿದ. ಕಲಕುತ್ತಲೇ ಇದ್ದ.
"ಸಿಲಬಸ್ಸು ಮುಗಿಸುವುದು ನೀವಾ?" ಅಂದ.
ಅವಳು ಸುಮ್ಮನಿದ್ದಳು,
ಒಳಗೇ ಎಣಿಸುತ್ತಿದ್ದಳೋ ಏನೋ.
ಆಮೇಲೆ ಅವನೇ: "ಲಂಡನ್ನಿನಲ್ಲಿ ಒಮ್ಮೆ
ಜೆರ್ಟ್ ಜೆರ್ಟ್ ಅಂತ ಮೂರು ದಿನ ಕರೆದರು ನನ್ನ.
ಗಂಟಲಿನಿಂದ ಬರುವ ಹೆಸರು ನನ್ನದು.
ತಿದ್ದಲಿಲ್ಲ. ಇನ್ನೂ ಸಿಟ್ಟಿದೆ."
ಎಂದವನೇ ಬಿಲ್ಲು ಕೊಟ್ಟು ಎದ್ದ.

ಮುಂದಿನ ಬುಧವಾರ ತೊಟ್ಟಿ ಬರೆದ. ಪ್ರಶ್ನೆ ಕೇಳಿದ.
ಕಾದ.
ಮೂರು. ಪ್ರೊಜೆಕ್ಟರಿನ ಫ್ಯಾನು.
ಐದು. ಯಾರದೋ ಕೆಮ್ಮು.
ಏಳಕ್ಕೆ ಕೈ ತಾನಾಗಿ ಡಸ್ಟರಿನ ಕಡೆ ಹೋಯಿತು, ಹಿಂದೆಗೆದ.
ಒಂಬತ್ತು. ಬೆವರು.
ಹನ್ನೊಂದಕ್ಕೆ, ಕಿಟಕಿಯ ಪಕ್ಕದಿಂದ ಸೆಬಿಸಾ:
"ಸರ್, ನಮ್ಮ ಮನೇಲಿ ತೊಟ್ಟಿ ಇಲ್ಲ.
ಬೀದಿ ನಲ್ಲಿ ಇದೆ. ಬೆಳಗಿನ ನಾಲ್ಕಕ್ಕೆ ಹೋದರೆ
ಡ್ರಮ್ಮು ಹತ್ತು ನಿಮಿಷಕ್ಕೆ ತುಂಬುತ್ತೆ,
ಆರಕ್ಕೆ ಹೋದರೆ ನಲವತ್ತು.
ದಿಬ್ಬದ ಮೇಲಿನ ಅಜ್ಜಿಗೆ ಆಗ ಬರೋದೇ ಇಲ್ಲ.
ಯಾಕೆ ಅಂತ ಈ ಸಮೀಕರಣ ಹೇಳುತ್ತಾ?"

ಹೇಳುತ್ತದೆ.
ತೊಟ್ಟಿ ಅಳಿಸಿದ. ದಿಬ್ಬ ಬರೆದ, ಕೆಟ್ಟದಾಗಿ.
ಹದಿನೇಳು ಎದ್ದು ಬಂದು ಕೊಳವೆಯನ್ನು ತಿದ್ದಿದ,
ಇಪ್ಪತ್ತೆರಡು ತನ್ನ ಬೀದಿಯನ್ನೂ ಸೇರಿಸಿದ.
"ಥ್ಯಾಂಕ್ಯೂ," ಅಂದು ಹೆಸರು ಹಿಡಿಯಲು ಹೊರಟ ಖೆರ್ಟ್.
ಬಂದದ್ದು, ಚ್ಚ್.
ಕ್ಹಾವೆ ಅನ್ನಲು ಹೋಗಿ ಪಾಪ ಅಂದ ಹಾಗಾಯಿತು.
ನೂರಿಪ್ಪತ್ತು ಜನ ನಕ್ಕರು. ಕ್ಹಾವೆ ನಗಲಿಲ್ಲ,
ಬಾಯಿ ತೆರೆದು ತನ್ನ ನಾಲಗೆ ತೋರಿಸಿದ:
"ಇಲ್ಲಿ, ಸರ್. ಇನ್ನೂ ಮೇಲೆ. ಇನ್ನೊಮ್ಮೆ."

ಸಿಲಬಸ್ಸು ಆ ವಾರ ಹಿಂದೆ ಬಿತ್ತು. ಅದೂ ನಿಜ.

ಮೂರನೇ ಮಹಡಿಯಲ್ಲಿ ಫಾರಂ ಕಾಯುತ್ತಿತ್ತು:
ಸುಧಾರಣೆ, ಶೇಕಡಾವಾರು.
ಹನ್ನೊಂದು ಎಂದು ಬರೆದಳು ನೊಲುಂಡಿ.
ಆಮೇಲೆ ಮೆಟ್ಟಿಲಿಳಿದು, ಅಂಗಳ ದಾಟಿ,
ಕಾನೂನು ವಿಭಾಗದ ಒಂದು ಬಾಗಿಲು ತಟ್ಟಿದಳು.
"ಪುರುಸೊತ್ತಿಲ್ಲ," ಒಳಗಿನಿಂದ.
ನಿಂತಳು.
ಮೂರು.
ಐದು.
ಹೊರಗೆ ಗಾಳಿ, ಧ್ವಜದ ಹಗ್ಗವನ್ನು ಕಂಬಕ್ಕೆ ಬಡಿಯುತ್ತಿತ್ತು,
ಲೊಟ್, ಲೊಟ್,
ಯಾರದೋ ಹೆಸರಿನ ಮೊದಲ ಸದ್ದು.
ಏಳು.