ಬೆರಳಗಲ ಜಾಗ

ಆಗ ನನಗೆ ಹದಿನೈದು. ಧಣಿ ಪೆಂಗೆಲ್ಲಿಯವರ ಹಿಂದೆ
ಮಸಿಕೊಂಬು ಹಿಡಿದು ಟೀನ್ ಹೊಳೆಯ ದಂಡೆಗುಂಟ ನಡೆದೆ,
ಕಾಲ್ಚೀಲದೊಳಗೆಲ್ಲ ಕೆಸರು.
ಅವರು ಬರೆಸುತ್ತಿದ್ದುದು ಮೂಲಿಕೆಯ ಪುಸ್ತಕ.
ಲ್ಯಾಟಿನ್ನು ಅವರ ಬಾಯಲ್ಲೇ ಇತ್ತು,
ಊರ ಹೆಸರುಗಳು ಮಾತ್ರ
ಸಿಡ್‌ವೆಲ್ ಟಕೆಟ್ ಎಂಬ ಮುದುಕಿಯ ಮಡಿಲಲ್ಲಿ.

ಅವಳು ಕಿತ್ತು ತೋರಿಸಲಿಲ್ಲ. ಬಾಗಿ,
ಕೋಳಿಮರಿಗಳನ್ನು ಕರೆದ ಹಾಗೆ ಕರೆದಳು:
ಕಣ್ಬೆಳಗು.
ಎಲುಬುಹೆಣಿಗೆ, ಇದರ ಬೇರು ಅರೆದು ಕಟ್ಟಿದ್ದಕ್ಕೇ
ಗಿರಣಿಯ ಹುಡುಗ ಇವತ್ತು ಕುಣಿಯುತ್ತಾನೆ, ಸ್ವಲ್ಪ ಎಡಕ್ಕೆ ವಾಲಿ.
ಎದೆತಣಿವು. ತಾನೇಮಾಯು.
ಸೈತಾನ ಕಚ್ಚಿದ್ದು: ಮನುಷ್ಯರಿಗೆ ಇಷ್ಟು ಗುಣವೇಕೆಂದು
ಹೊಟ್ಟೆಕಿಚ್ಚಿಗೆ ನೆಲದಡಿಯಿಂದಲೇ ಬೇರು ಕಡಿದನಂತೆ;
ನೋಡಿ, ಮೊಂಡು.

ಹಳದಿ ಹೂವಿನದೊಂದಕ್ಕೆ 'ದೇವಮಾತೆಯ ಹಾಸುಹುಲ್ಲು' ಎಂದವಳು
ತಟ್ಟನೆ ದನಿ ತಗ್ಗಿಸಿದಳು:
'ಹಾಸುಹುಲ್ಲು ಅಂತಷ್ಟೇ ಬರಕೊಳ್ಳಿ.
ಪಾದ್ರಿ ಬದಲಾದ ಮೇಲೆ ಅಮ್ಮ ಎದ್ದುಹೋದಳು.'
ಧಣಿ ನಗಲಿಲ್ಲ. ನಾನು ನಕ್ಕು ಮಸಿ ಚೆಲ್ಲಿದೆ.

ಗೋಡೆಯ ಬುಡದ ತೇವದಲ್ಲಿ
ನೆಲಕ್ಕೆ ಮೈಯಿಟ್ಟು ಹಬ್ಬಿತ್ತು ಇನ್ನೊಂದು,
ನೇರಿಳೆ ಹೂ, ಘಾಟು ವಾಸನೆ.
'ಇದು?'
'ಇದಕ್ಕೆ ಹೆಸರಿಲ್ಲ.'
'ಇಷ್ಟು ಬೆಳೆದಿದೆ, ಕೊಯ್ದ ಗುರುತೂ ಇದೆಯಲ್ಲ?'
'ಹೆಸರಿಲ್ಲ ಒಡೆಯಾ. ಹೆಸರಿದ್ದದ್ದನ್ನು
ನ್ಯಾಯಸ್ಥಾನದಲ್ಲಿ ಕೂಗಿ ಕರೆಯುತ್ತಾರೆ.'
ಬಾವಿಯ ಬಳಿ ನೀರು ಸೇದುತ್ತಿದ್ದ ಮೂವರು ಹೆಂಗಸರು
ಹಗ್ಗ ಹಿಡಿದೇ ನಿಂತಿದ್ದರು.

ಬೆರಳಗಲ ಜಾಗ ಬಿಟ್ಟೆ,
ಎಂದಾದರೂ ತುಂಬಬಹುದೆಂದು.

ಪುಸ್ತಕ ಅಚ್ಚಾಗುವಷ್ಟರಲ್ಲಿ ಧಣಿ ತೀರಿದ್ದರು, ಮುದುಕಿಯೂ.
ಬಿಳಿ ಕಾಗದ ದಂಡವಾಗಬಾರದೆಂದು ಅಚ್ಚಿನವ
ಅಲಂಕಾರದ ಮೊಳೆಯೊಂದನ್ನು ಹುಡುಕಿ ಒತ್ತಿದ್ದ:
ಆರು ಎಸಳು, ಸುರುಳಿ ಬಳ್ಳಿ,
ಯಾವ ಮಣ್ಣಿನಲ್ಲೂ ಬೆಳೆಯದ ಹೂ.

ಈಗ ಎಕ್ಸೆಟರಿನಲ್ಲಿ ನನ್ನದೇ ಮದ್ದಿನಂಗಡಿ.
ಕಟ್ಟೆಯ ಮೇಲೆ ಪುಸ್ತಕ, ಅದಕ್ಕೊಂದು ಸರಪಳಿ.
ಓದಲು ಬಾರದ ಹೆಂಗಸರು, ಹೆಚ್ಚಾಗಿ ಸಂತೆಯ ದಿನ,
ಜನ ಕರಗುವ ತನಕ ಲವಂಗದ ಬೆಲೆ ಕೇಳುತ್ತ ನಿಂತು
ಹಾಳೆ ಮಗುಚುತ್ತಾರೆ. ತಲೆಕೆಳಗಾದರೂ ಸರಿ,
ಆ ಹೂವಿನ ಮೇಲೆ ಬೆರಳಿಡುತ್ತಾರೆ.
ಕಾಗದ ಅಲ್ಲಿ ಸವೆದು
ಆಚೆ ಪುಟದ ಪುದೀನ ಕಾಣುವಷ್ಟು ತೆಳುವಾಗಿದೆ.

ನಾನು ಏನನ್ನೂ ಕೇಳದೆ
ಒಳಗೆ ಹೋಗುತ್ತೇನೆ.