ಕೂಗುವವನ ಎಲೆ

ಮೊದಲು ಮದುವೆ ಕಾರ್ಡುಗಳ ಬೆನ್ನ ಮೇಲೆ ಬರೆದೆ.
ಅವೆನ್ಯೂ ರಸ್ತೆಯಲ್ಲಿ ಉಳಿಕೆ ಕಾರ್ಡು ತೂಕಕ್ಕೆ ಸಿಗುತ್ತವೆ.
ಎಲ್ಲ ಒಂದೇ ಮದುವೆಯವು, ಹಾಗಾಗಿ
ಹಿಂದಿನಿಂದ ಗುರುತು ಹಿಡಿಯುವಂತಿಲ್ಲ:
ಆ ಕಡೆ ಯಾರದೋ ಮುಹೂರ್ತ, ಗಣಪತಿ,
ಈ ಕಡೆ ನನ್ನ ಅಕ್ಷರ. ಫಿರ್ಯಾದಿ, ಆರೋಪಿ,
ಕಣ್ಣಾರೆ ಕಂಡವನು, ಕಂಡೆನೆಂದವನು,
ಪಂಚನಾಮೆಗೆ ಓದದೇ ರುಜು ಹಾಕಿದವನು.

ಸಂಪಂಗಿರಾಮನಗರದ ನಮ್ಮ ಮಹಡಿಯಲ್ಲಿ
ಭಾನುವಾರ ಮೂರು ಗಂಟೆಗೆ ಮೊದಲ ಆಟ.
ಜೂನಿಯರ್ ವಕೀಲೆ ಶೈಲಶ್ರೀ, ಅವಳ ತಮ್ಮ,
ಕೆಳಮನೆಯ ಟೈಲರ್ ಫಯಾಜ್, ನಾನು.
ಮೂಲೆಯ ಕುರ್ಚಿಯಲ್ಲಿ ಅಪ್ಪ
ಕಡಲೆಕಾಯಿ ಸುಲಿಯುತ್ತ.

ನಿಯಮ ಒಂದು: ಶುರುವಿಗೆ ಮುಂಚೆ
ಒಂದು ಎಲೆ, ಯಾರೂ ನೋಡದೆ, ಕಾಫಿ ಲೋಟದ ಕೆಳಗೆ.
ಅದು ನಡೆದದ್ದು.
ಉಳಿದದ್ದೆಲ್ಲ ನಾವು ಹೇಳುವುದು.

ಎರಡನೇ ಸುತ್ತಿಗೇ ಆಟ ಕೆಟ್ಟಿತು.
'ವಾಯಿದೆ' ಎಂದು ನಾಲ್ಕೇ ಎಲೆ ಮಾಡಿದ್ದೆ,
ಎಸೆದದ್ದು ತಿರುಗಿ ಕಟ್ಟಿಗೆ ಸೇರಬೇಕೆಂದಿದ್ದೆ, ತಪ್ಪು ನನ್ನದೇ.
ವಕೀಲರಿಗೆ ಹುಷಾರಿಲ್ಲ, ವಾಯಿದೆ.
ಸಾಕ್ಷಿ ಊರಲ್ಲಿಲ್ಲ, ವಾಯಿದೆ.
ಕಡತ ಸಿಕ್ಕಿಲ್ಲ, ವಾಯಿದೆ.
ದೀಪ ಹಚ್ಚುವ ಹೊತ್ತಾದರೂ ಆರೋಪಿ
ಚಾಪೆಯ ನಡುವೆ ಅಂಗಾತ ಮಲಗೇ ಇದ್ದ.
"ಇದನ್ನ ಕಿತ್ತಾಕಿ" ಅಂದ ಫಯಾಜ್.
"ಕಿತ್ರೆ ಕೋರ್ಟು ಅನ್ಸಲ್ಲ" ಅಂದಳು ಶೈಲಶ್ರೀ,
ತಜ್ಞಸಾಕ್ಷಿಯ ಗತ್ತಿನಲ್ಲಿ.
ಕೊನೆಗೆ ಬೆಲೆ ಕಟ್ಟಿದೆವು: ವಾಯಿದೆ ಕೇಳಿದವರು
ಐದು ಕಡಲೆಕಾಯಿ ತೆರಬೇಕು.
ಯಾರಿಗೆ? ಅದಕ್ಕೇ ಅರ್ಧ ಗಂಟೆ ಜಗಳ.
ಕಾಯುತ್ತ ಮಲಗಿದವನಿಗೆ, ಎಂದಾಯಿತು.

ಆಗ ಅಪ್ಪ ಬಾಯಿಬಿಟ್ಟ.
ಮ್ಯಾಜಿಸ್ಟ್ರೇಟ್ ಕೋರ್ಟಿನ ಬಾಗಿಲಲ್ಲಿ
ಮೂವತ್ತೊಂದು ವರ್ಷ ನಿಂತು ಹೆಸರು ಕರೆದವನು,
ದಫೇದಾರ್ ಪಿಳ್ಳಪ್ಪ,
ಹಜಾರದ ಆ ತುದಿಯ ಟೀ ಅಂಗಡಿಗೂ ಮುಟ್ಟುವ ಗಂಟಲು.
"ಎಲ್ಲಾ ಸರಿ ಕಣಮ್ಮ. ಕೂಗೋರ್ಯಾರು?"

ನಾಲ್ವರೂ ಎಲೆ ಹರಡಿ ಹುಡುಕಿದೆವು.
ನ್ಯಾಯಾಧೀಶರಿದ್ದರು, ಅವರ ಕನ್ನಡಕ ಬೇರೆ ಎಲೆಯಾಗಿತ್ತು.
ಟೈಪಿಸ್ಟಿದ್ದಳು. ದುಡ್ಡಿಗೆ ಜಾಮೀನು ನಿಲ್ಲುವ ಮಾವನಿದ್ದ.
ಕಿಟಕಿಯ ಕೋತಿ ಕೂಡ ಇತ್ತು.

"ಮೂರು ಸಲ ಕೂಗ್ಬೇಕು. ಎರಡಕ್ಕೆ ನಿಲ್ಲಿಸ್ಬಾರ್ದು.
ಒಬ್ಳು, ಮಗೂಗೆ ನೀರು ಕುಡಿಸೋಕೆ
ನಲ್ಲಿ ಹತ್ರ ಹೋಗಿದ್ಲು.
ಅವತ್ತು ನಂಗೆ ಗಂಟಲು ಕಟ್ಟಿತ್ತು. ಎರಡೇ ಸಲ ಕೂಗ್ದೆ."

ಆಮೇಲೆ? ಎಂದು ಯಾರೂ ಕೇಳಲಿಲ್ಲ.
'ವಾರಂಟ್' ಶೈಲಶ್ರೀಯ ಕೈಯಲ್ಲಿತ್ತು,
ಎಸೆಯಲು ಎತ್ತಿದ್ದಳು,
ಮೆಲ್ಲಗೆ ಉಳಿದ ಎಲೆಗಳ ಹಿಂದೆ ಸಿಕ್ಕಿಸಿಕೊಂಡಳು.

ಅವತ್ತು ತೀರ್ಪೂ ಬಂತು, ಬಿಡುಗಡೆ.
ಅಂಕ ಎಣಿಸಿದೆವು, ಸಿಪ್ಪೆ ಗುಡಿಸಿದೆವು.
ಲೋಟ ಎತ್ತಿದ್ದು ಪಾತ್ರೆ ತೊಳೆಯುವಾಗ:
ನಡೆದದ್ದು ತಳಕ್ಕೆ ಅಂಟಿಕೊಂಡಿತ್ತು,
ಡಿಕಾಕ್ಷನ್ನಿನ ಬಳೆ ಮೂಡಿ,
ಅಕ್ಷರ ಕದಡಿ.

ಕಾಟನ್‌ಪೇಟೆಯ ಪ್ರೆಸ್ಸಿನಲ್ಲಿ ಇನಾಯತ್ ಅಳತೆಪಟ್ಟಿ ಇಟ್ಟ.
"ಒಂದು ಶೀಟಿಗೆ ಐವತ್ನಾಲ್ಕು ಮೇಡಂ. ನಿಮ್ದು ಐವತ್ತೈದು.
ಒಂದು ತೆಗೀರಿ, ಇಲ್ಲಾಂದ್ರೆ ಇನ್ನೊಂದು ಪ್ಲೇಟಿನ ಖರ್ಚು."
ಕೋತಿಯನ್ನು ತೆಗೆದೆ.
ಶೈಲಶ್ರೀಯ ತಮ್ಮ ಮೂರು ದಿನ ಮಾತಾಡಲಿಲ್ಲ.

ಕೂಗುವವನಿಗೆ ಅಂಕವಿಲ್ಲ.
ಅವನು ಬಂದ ಕೈ ಎದ್ದು ನಿಲ್ಲಬೇಕು,
ಆರೋಪಿಯ ಹೆಸರನ್ನು ಮೂರು ಸಲ ಕರೆಯಬೇಕು.
ಹೆಸರಿನ ಜಾಗ ಖಾಲಿ, ಆಡುವವರೇ
ಪೆನ್ಸಿಲಿನಲ್ಲಿ ತುಂಬಿಕೊಳ್ಳಲಿ ಅಂತ.

ಅಚ್ಚಿನ ವಾಸನೆ ಆರದ ಮೊದಲ ಕಟ್ಟನ್ನು
ಅಪ್ಪನೇ ಕಲಸಿದ, ಆ ಎಲೆ ಅವನಿಗೇ ಬಂತು.
ಹೆಸರು ಬರೆಯಲು ಯೋಚಿಸಲಿಲ್ಲ.
ಪಂಚೆ ಸರಿಮಾಡಿಕೊಂಡು ಬಾಗಿಲ ಬಳಿ ನಿಂತ.

ನರಸಮ್ಮ ಕೋಂ ಮುನಿಶಾಮೀ...
ಕೆಳಗೆ ಫಯಾಜನ ಮೆಷಿನ್ನು ನಿಂತಿತು.
ನರಸಮ್ಮ ಕೋಂ ಮುನಿಶಾಮೀ...
ಸೊಪ್ಪಿನ ಗಾಡಿಯವಳು ತಲೆಯೆತ್ತಿ ನೋಡಿದಳು.

ಕೆಮ್ಮಿ, ನೀರು ಕೇಳಿ, ಎರಡು ಗುಟುಕು ಕುಡಿದು,
ಮೂರನೆಯದನ್ನೂ ಕೂಗಿದ.
ಮೆಟ್ಟಿಲ ಕಡೆ ನೋಡುತ್ತ ನಿಂತೇ ಇದ್ದ.
ಸರದಿ ನನ್ನದಾಗಿತ್ತು.
ನಾನು ಎಲೆ ಹಾಕಲಿಲ್ಲ.